ಹಿತ್ತಲ ಕೋಳಿಗೆ ಶುದ್ಧ ಕುಡಿಯುವ ನೀರು: ಪುಣೆ ಜಿಲ್ಲೆಯ ಹಿನ್ನೆಲೆಯಲ್ಲಿ ಒಂದು ವಿವರಣೆ

ಭಾರತದ ಗ್ರಾಮೀಣ ಕುಟುಂಬಗಳಲ್ಲಿ ಕೋಳಿ ಸಾಕಣೆಯು ಪ್ರಾಚೀನ ಕಾಲದಿಂದಲೂ ನಡೆದು ಬಂದ ಉಪಕಸುಬಾಗಿದೆ. ಐದಾರು ಹೇಂಟೆಗಳು, ಒಂದು ಹುಂಜ, ಅವುಗಳ ಹಿಂದೆ ಓಡಾಡುವ ಮರಿಗಳು, ಇಷ್ಟಿದ್ದರೆ ಮನೆಯ ಮಕ್ಕಳಿಗೆ ಮೊಟ್ಟೆ ದೊರೆಯುತ್ತದೆ. ಕಷ್ಟದ ದಿನದಲ್ಲಿ ಮಾರಿ ನಾಲ್ಕು ಕಾಸು ಕಾಣಲು ಗೃಹಿಣಿಗೆ ಒಂದು ಆಸರೆಯೂ ಉಂಟಾಗುತ್ತದೆ. 2019ರ ಇಪ್ಪತ್ತನೆಯ ಜಾನುವಾರು ಗಣತಿಯ ಪ್ರಕಾರ ದೇಶದ ಒಟ್ಟು 85 ಕೋಟಿಗೂ ಹೆಚ್ಚಿನ ಕೋಳಿಗಳ ಪೈಕಿ ಸುಮಾರು 31 ಕೋಟಿ 70 ಲಕ್ಷ ಕೋಳಿಗಳು ಹಿತ್ತಲಲ್ಲಿ ಬೆಳೆಯುವಂತಹವು. ಹಿಂದಿನ ಗಣತಿಗೆ ಹೋಲಿಸಿದರೆ ಈ ಸಂಖ್ಯೆಯಲ್ಲಿ ಶೇಕಡಾ 45ಕ್ಕೂ ಮೀರಿದ ಹೆಚ್ಚಳ ಕಂಡುಬಂದಿದೆ.

ಹಿತ್ತಲ ಕೋಳಿಯ ಆಹಾರಕ್ಕೆ ಮನೆಯವರು ಹೆಚ್ಚು ಖರ್ಚು ಮಾಡುವುದಿಲ್ಲ. ಅದು ಕಾಳು, ಹುಳು, ಹಸಿರು ಎಲೆಗಳನ್ನು ತಾನೇ ಕೆದಕಿ ತಿನ್ನುತ್ತದೆ. ಇದೇ ಅಭ್ಯಾಸದಿಂದ ನೀರನ್ನೂ ಅದು ತಾನೇ ಹುಡುಕಿಕೊಳ್ಳಲಿ ಎಂಬ ಭಾವನೆ ಬೆಳೆದಿದೆ. ಅದರ ಪರಿಣಾಮವಾಗಿ ಬಚ್ಚಲ ಕಾಲುವೆ, ತಿಪ್ಪೆಯ ಬದಿಯ ಹೊಂಡ, ದನದ ಕೊಟ್ಟಿಗೆಯ ಮುಂದೆ ನಿಂತ ಕೊಳೆನೀರು, ಇವೇ ಕೋಳಿಯ ಕುಡಿಯುವ ನೀರಿನ ಮೂಲಗಳಾಗಿಬಿಡುತ್ತವೆ. ಕೋಳಿಗಳು ಕಾರಣ ತಿಳಿಯದೆ ಸಾಯುವುದಕ್ಕೂ, ಮೊಟ್ಟೆ ಇಡುವುದನ್ನು ನಿಲ್ಲಿಸುವುದಕ್ಕೂ ಇರುವ ಹಲವು ಕಾರಣಗಳಲ್ಲಿ ನೀರು ಪ್ರಮುಖವಾದುದು. ಆದರೆ ಸಾಕುವವರ ಗಮನಕ್ಕೆ ಅತ್ಯಂತ ಕಡಿಮೆ ಬರುವ ಕಾರಣವೂ ಅದೇ ಆಗಿದೆ.

ಪುಣೆ ಜಿಲ್ಲೆಯ ಸ್ಥಿತಿಗತಿ

ಮಹಾರಾಷ್ಟ್ರದ ಪುಣೆಯು ಭಾರತದ ಕುಕ್ಕುಟೋದ್ಯಮದ ಮುಖ್ಯ ಕೇಂದ್ರಗಳಲ್ಲಿ ಒಂದು. ಡಾ. ಬಿ.ವಿ. ರಾವ್ ಅವರು 1971ರಲ್ಲಿ ಆರಂಭಿಸಿದ ವೆಂಕಟೇಶ್ವರ ಹ್ಯಾಚರೀಸ್ ಸಂಸ್ಥೆಯ ಕೇಂದ್ರ ಕಚೇರಿಯು ಇಲ್ಲಿದೆ. ಮೊಟ್ಟೆ ಉತ್ಪಾದಕರು ತಮ್ಮ ಬೆಲೆಯನ್ನು ತಾವೇ ನಿರ್ಧರಿಸಿಕೊಳ್ಳುವ ಉದ್ದೇಶದಿಂದ 1982ರಲ್ಲಿ ರೂಪಿಸಿದ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿಯೂ ಇಲ್ಲಿಂದಲೇ ಕಾರ್ಯ ನಿರ್ವಹಿಸುತ್ತದೆ. ನಗರದ ಪೂರ್ವಕ್ಕಿರುವ ಉರುಳಿ ಕಾಂಚನದಲ್ಲಿ ಕುಕ್ಕುಟ ಪಾಲನೆಯ ತರಬೇತಿಗಾಗಿ ಡಾ. ಬಿ.ವಿ. ರಾವ್ ಅವರ ಹೆಸರಿನ ಸಂಸ್ಥೆಯೊಂದಿದೆ. ಔಂಧ್‌ನಲ್ಲಿರುವ ರಾಜ್ಯ ಸರ್ಕಾರದ ಪಶುವೈದ್ಯಕೀಯ ಜೈವಿಕ ಉತ್ಪನ್ನಗಳ ಸಂಸ್ಥೆಯು ಕೋಳಿಗಳಿಗೆ ಬೇಕಾದ ಲಸಿಕೆಗಳನ್ನು ತಯಾರಿಸುತ್ತದೆ.

ದೊಡ್ಡ ಕೋಳಿ ಸಾಕಣಾ ಕೇಂದ್ರಗಳಲ್ಲಿ ನೀರನ್ನು ಪರೀಕ್ಷಿಸಿ, ಶುದ್ಧಗೊಳಿಸಿ, ಮುಚ್ಚಿದ ಕೊಳವೆಗಳ ಮೂಲಕ ಪ್ರತಿ ಹಕ್ಕಿಯ ಕೊಕ್ಕಿಗೂ ತಲುಪಿಸುವ ವ್ಯವಸ್ಥೆಯಿರುತ್ತದೆ. ಅಂತಹ ಕೇಂದ್ರದಿಂದ ನಾಲ್ಕಾರು ಹರದಾರಿ ದೂರದ ಹಳ್ಳಿಯ ಹಿತ್ತಲಲ್ಲಿ ಈ ಯಾವ ಅನುಕೂಲವೂ ಇರುವುದಿಲ್ಲ. ಮರಾಠಿಯಲ್ಲಿ ‘ಪರಸಬಾಗ್’ ಎಂದು ಕರೆಯಲಾಗುವ ಈ ಮನೆಯಂಗಳದಲ್ಲಿ ಕೋಳಿಯ ನೀರಿನ ಹೊಣೆ ಸಂಪೂರ್ಣವಾಗಿ ಮನೆಯ ಹೆಣ್ಣುಮಕ್ಕಳದಾಗಿದೆ.

ಪುಣೆ ಜಿಲ್ಲೆಯ ಭೂರಚನೆಯು ಈ ಹೊಣೆಯನ್ನು ಎರಡು ರೀತಿಯಲ್ಲಿ ಕಠಿಣಗೊಳಿಸುತ್ತದೆ. ಪಶ್ಚಿಮದ ಮಾವಳ, ಮುಳಶಿ, ಭೋರ್ ತಾಲ್ಲೂಕುಗಳು ಸಹ್ಯಾದ್ರಿಯ ಮಡಿಲಲ್ಲಿವೆ. ಅಲ್ಲಿನ ಲೋಣಾವಳದಲ್ಲಿ ವರ್ಷಕ್ಕೆ 4000 ಮಿಲಿಮೀಟರಿಗೂ ಅಧಿಕ ಮಳೆ ಬೀಳುತ್ತದೆ. ಪೂರ್ವದ ಬಾರಾಮತಿ, ಇಂದಾಪುರ, ದೌಂಡ್, ಶಿರೂರು ಮತ್ತು ಪುರಂದರ ತಾಲ್ಲೂಕುಗಳ ಬಹುಭಾಗ ಮಳೆಯ ನೆರಳಿನ ಪ್ರದೇಶ. ಅಲ್ಲಿ ಮಳೆಯ ಪ್ರಮಾಣ 500 ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ. ಪಶ್ಚಿಮದಲ್ಲಿ ಮಳೆಗಾಲದ ಕೊಚ್ಚೆನೀರು ಬಾವಿಗೆ ಇಳಿಯುವ ಭಯವಾದರೆ, ಪೂರ್ವದಲ್ಲಿ ಬೇಸಿಗೆಯಲ್ಲಿ ನೀರೇ ಇಲ್ಲದಿರುವ ಭಯ. 1972ರ ಮತ್ತು 2012-13ರ ಬರಗಾಲಗಳಲ್ಲಿ ಮಹಾರಾಷ್ಟ್ರದ ಜನ ಕುಡಿಯುವ ನೀರಿಗಾಗಿ ಪಟ್ಟ ಪಾಡು ಎಲ್ಲರಿಗೂ ತಿಳಿದದ್ದೇ. ಕರ್ನಾಟಕದ ಓದುಗರಿಗೆ ಈ ಚಿತ್ರ ಹೊಸದಲ್ಲ. ಖಾನಾಪುರದಿಂದ ಅಥಣಿಯವರೆಗೆ ಬೆಳಗಾವಿ ಜಿಲ್ಲೆಯನ್ನು ದಾಟಿದವರು ಇದೇ ಏರುಪೇರನ್ನು ಕಾಣಬಹುದು. ವಿಜಯಪುರದ ಬೇಸಿಗೆಯೂ ಇಂದಾಪುರದ ಬೇಸಿಗೆಗಿಂತ ಸೌಮ್ಯವೇನಲ್ಲ. ಆದುದರಿಂದ ಪುಣೆಗೆ ಅನ್ವಯಿಸುವ ಮಾತುಗಳು ಉತ್ತರ ಕರ್ನಾಟಕಕ್ಕೂ ಅನ್ವಯಿಸುತ್ತವೆ.

ಕೋಳಿಯ ದೇಹದಲ್ಲಿ ನೀರಿನ ಪಾತ್ರ

ಬೆಳೆದ ಕೋಳಿಯ ದೇಹದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನೀರೇ ಆಗಿದೆ. ಎಳೆಯ ಮರಿಯಲ್ಲಿ ಈ ಪ್ರಮಾಣ ಇನ್ನೂ ಅಧಿಕ. ಮೊಟ್ಟೆಯ ತೂಕದಲ್ಲಿ ಸುಮಾರು ಮೂರನೆಯ ಎರಡು ಪಾಲು ನೀರಿರುತ್ತದೆ. ನೀರಿಲ್ಲದೆ ಹೇಂಟೆಯು ಮೊಟ್ಟೆಯನ್ನು ಕಟ್ಟಲಾರದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಕೋಳಿಗೆ ಹಲ್ಲುಗಳಿಲ್ಲ. ತಿಂದ ಕಾಳು ಕತ್ತಿನ ಬುಡದಲ್ಲಿರುವ ಅನ್ನಚೀಲದಲ್ಲಿ ನೆನೆದು ಮೆತ್ತಗಾದ ಬಳಿಕವೇ ಮುಂದೆ ಸಾಗುತ್ತದೆ. ನೀರು ಕಡಿಮೆಯಾದರೆ ಕೋಳಿ ತಿನ್ನುವುದನ್ನೂ ಕಡಿಮೆ ಮಾಡುತ್ತದೆ.

ನೀರಿನ ಇನ್ನೊಂದು ಕಾರ್ಯ ದೇಹವನ್ನು ತಂಪಾಗಿಡುವುದು. ಕೋಳಿಯ ದೇಹದ ಉಷ್ಣತೆ ಸಹಜವಾಗಿಯೇ 41ರಿಂದ 42 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಅದಕ್ಕೆ ಬೆವರಿನ ಗ್ರಂಥಿಗಳಿಲ್ಲ. ಬಿಸಿಲು ಏರಿದಾಗ ಅದು ಕೊಕ್ಕು ತೆರೆದು, ರೆಕ್ಕೆಗಳನ್ನು ಇಳಿಬಿಟ್ಟು ಏದುತ್ತದೆ. ಉಸಿರಿನೊಡನೆ ಹೊರಹೋಗುವ ತೇವವೇ ದೇಹದ ತಾಪವನ್ನು ಹೊತ್ತೊಯ್ಯುತ್ತದೆ. ಹೀಗೆ ಕಳೆದುಹೋದ ನೀರನ್ನು ಕುಡಿದು ತುಂಬಿಕೊಳ್ಳಲಾಗದಿದ್ದಲ್ಲಿ ಕೋಳಿ ಕೆಲವೇ ಗಂಟೆಗಳಲ್ಲಿ ಕುಸಿಯುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಪುಣೆ ಪ್ರದೇಶದ ಉಷ್ಣತೆ 40 ಡಿಗ್ರಿಯನ್ನು ಮುಟ್ಟುವುದುಂಟು. ಆ ದಿನಗಳಲ್ಲಿ ಮಧ್ಯಾಹ್ನ ಬರಿದಾದ ನೀರಿನ ಪಾತ್ರೆಯು ಕೋಳಿಗೆ ರೋಗದಷ್ಟೇ ಅಪಾಯಕಾರಿ.

ಸಾಧಾರಣ ಹವೆಯಲ್ಲಿ ಕೋಳಿಯು ತಾನು ತಿನ್ನುವ ಆಹಾರದ ತೂಕದ ಸುಮಾರು ಎರಡರಷ್ಟು ನೀರು ಕುಡಿಯುತ್ತದೆ. ಬೆಳೆದ ಹೇಂಟೆಗೆ ದಿನಕ್ಕೆ 200ರಿಂದ 300 ಮಿಲಿಲೀಟರ್ ಬೇಕಾಗುತ್ತದೆ. ಕಡು ಬೇಸಿಗೆಯಲ್ಲಿ ಇದು ಅರ್ಧ ಲೀಟರಿಗೆ ಏರಬಹುದು. ಹತ್ತು ಕೋಳಿಗಳಿರುವ ಮನೆಗೆ ಬೇಸಿಗೆಯ ಒಂದು ದಿನಕ್ಕೆ 5 ಲೀಟರ್ ನೀರು ಸಾಕು ಎಂದಾಯಿತು. ಟ್ಯಾಂಕರಿಗಾಗಿ ಕಾಯುವ ಊರಿನಲ್ಲಿ 5 ಲೀಟರ್ ಸಣ್ಣ ಮಾತಲ್ಲವಾದರೂ, ಒಂದು ದಿನ ಪೂರ್ತಿ ನೀರು ತಪ್ಪಿದ ಹೇಂಟೆಯು ಮತ್ತೆ ಮೊದಲಿನಂತೆ ಮೊಟ್ಟೆ ಇಡಲು ಹಲವು ದಿನಗಳೇ ಹಿಡಿಯುತ್ತವೆಂಬುದನ್ನು ನೆನೆದರೆ ಆ ನೀರು ವ್ಯರ್ಥವಲ್ಲ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ರೂಪಿಸಿದ ಗಿರಿರಾಜ, ಹೈದರಾಬಾದಿನ ಕುಕ್ಕುಟ ಸಂಶೋಧನಾ ನಿರ್ದೇಶನಾಲಯವು ನೀಡಿದ ವನರಾಜ ಮುಂತಾದ ಸುಧಾರಿತ ತಳಿಗಳು ಇಂದು ಹಿತ್ತಲುಗಳಲ್ಲಿ ಕಾಣುತ್ತವೆ. ಇವು ನಾಟಿ ಕೋಳಿಗಿಂತ ಬೇಗ ತೂಕ ಏರಿಸಿಕೊಳ್ಳುತ್ತವೆ, ಹೆಚ್ಚು ಮೊಟ್ಟೆ ಇಡುತ್ತವೆ. ಅದೇ ಕಾರಣಕ್ಕೆ ಅವುಗಳ ನೀರಿನ ಅಗತ್ಯವೂ ಹೆಚ್ಚು. ಒಳ್ಳೆಯ ತಳಿಯ ಮರಿಯನ್ನು ಹಣ ಕೊಟ್ಟು ತಂದು ಬಚ್ಚಲ ನೀರು ಕುಡಿಯಲು ಬಿಟ್ಟರೆ ತಳಿಯ ಗುಣ ಪ್ರಕಟವಾಗಲಾರದು.

ನೀರಿನ ಮೂಲಕ ಹರಡುವ ರೋಗಗಳು

ಕೋಳಿ ನೀರನ್ನು ಹೀರುವುದಿಲ್ಲ. ಕೊಕ್ಕಿನಲ್ಲಿ ತುಂಬಿಕೊಂಡು, ತಲೆಯೆತ್ತಿ ಗಂಟಲಿಗೆ ಇಳಿಸುತ್ತದೆ. ಪ್ರತಿ ಸಲ ಕೊಕ್ಕು ಅದ್ದಿದಾಗಲೂ ಬಾಯಿಯ ಲೋಳೆ, ಆಹಾರದ ಕಣ, ಮೂಗಿನ ಸಿಂಬಳ ನೀರಿಗೆ ಸೇರುತ್ತವೆ. ತೆರೆದ ತಟ್ಟೆಯಾಗಿದ್ದರೆ ಕಾಲಿಟ್ಟು ನಿಂತು ಹಿಕ್ಕೆಯನ್ನೂ ಹಾಕುತ್ತದೆ. ಹೀಗಾಗಿ ಒಂದು ಕೋಳಿಗೆ ತಗುಲಿದ ರೋಗ ಒಂದೇ ಪಾತ್ರೆಯ ಮೂಲಕ ಇಡೀ ಹಿಂಡಿಗೆ ಹರಡುತ್ತದೆ.

ಕೊಕ್ಕರೆ ರೋಗವೆಂದು ಕನ್ನಡನಾಡಿನಲ್ಲಿ ಕರೆಯುವ ರಾಣಿಖೇತ್ ರೋಗವು ಇವುಗಳಲ್ಲಿ ಅತ್ಯಂತ ಭೀಕರವಾದುದು. ಇದು ವೈರಸ್ಸಿನಿಂದ ಬರುತ್ತದೆ. ಗಾಳಿ ಹಾಗೂ ಸ್ಪರ್ಶದಿಂದ ಹರಡುವಂತೆಯೇ ನೀರಿನಿಂದಲೂ ಹರಡುತ್ತದೆ. ಇದಕ್ಕೆ ಔಷಧಿಯಿಲ್ಲ, ಲಸಿಕೆಯೊಂದೇ ಉಪಾಯ. ಬ್ಯಾಕ್ಟೀರಿಯಾಗಳಿಂದ ಬರುವ ಬಿಳಿ ಭೇದಿ, ಕೋಳಿಯ ಟೈಫಾಯಿಡ್, ಕೋಳಿಯ ಕಾಲರಾ ಮತ್ತು ಈ-ಕೋಲಿ ಸೋಂಕುಗಳಿಗೆ ಹಿಕ್ಕೆ ಬೆರೆತ ನೀರು ಮುಖ್ಯ ದಾರಿಯಾಗಿದೆ. ರಕ್ತಭೇದಿ ಎಂದು ಪರಿಚಿತವಾದ ಕಾಕ್ಸಿಡಿಯೋಸಿಸ್ ರೋಗದ ಸೂಕ್ಷ್ಮಜೀವಿಗಳು ನೀರಿನ ಪಾತ್ರೆಯ ಸುತ್ತಲಿನ ಒದ್ದೆ ಮಣ್ಣಿನಲ್ಲಿ ಬಲಿತು, ಎಳೆಯ ಮರಿಗಳ ಕರುಳನ್ನು ಸೇರುತ್ತವೆ. ಈ ಜೀವಿಗಳಿಗೆ ಗಟ್ಟಿಯಾದ ಹೊದಿಕೆ ಇರುವುದರಿಂದ ನೀರಿಗೆ ಕ್ಲೋರಿನ್ ಹಾಕಿದ ಮಾತ್ರಕ್ಕೆ ಅವು ಸಾಯುವುದಿಲ್ಲ. ಪಾತ್ರೆಯ ಸುತ್ತಲಿನ ನೆಲವನ್ನು ಒಣಗಿಸಿಡುವುದೇ ಇಲ್ಲಿ ನಿಜವಾದ ರಕ್ಷಣೆ. ಸತ್ತ ಪ್ರಾಣಿ ಅಥವಾ ಕೊಳೆತ ಸೊಪ್ಪು ಬಿದ್ದ ಹೊಂಡದ ನೀರು ಕುಡಿದ ಕೋಳಿಯ ಕತ್ತು ಜೋತುಬಿದ್ದು, ಮೈ ಸ್ವಾಧೀನ ತಪ್ಪುವುದೂ ಉಂಟು. ಇದು ಹೊಂಡದಲ್ಲಿ ಉತ್ಪತ್ತಿಯಾದ ವಿಷದ ಪರಿಣಾಮ.

ಹಕ್ಕಿಜ್ವರದ ವಿಷಯದಲ್ಲಿ ಮಹಾರಾಷ್ಟ್ರಕ್ಕೆ ಕಹಿ ಅನುಭವವಿದೆ. ಭಾರತದಲ್ಲಿ ಈ ರೋಗ ಮೊದಲು ವರದಿಯಾದದ್ದು 2006ರ ಫೆಬ್ರವರಿಯಲ್ಲಿ, ಅದೇ ರಾಜ್ಯದ ನಂದುರ್‌ಬಾರ್ ಜಿಲ್ಲೆಯ ನವಾಪುರದಲ್ಲಿ. ಈ ವೈರಸ್ಸನ್ನು ನೀರುಹಕ್ಕಿಗಳು ತಮ್ಮ ಹಿಕ್ಕೆಯಲ್ಲಿ ಹೊರಹಾಕುತ್ತವೆ. ತಣ್ಣನೆಯ ನೀರಿನಲ್ಲಿ ಅದು ಹಲವು ದಿನ ಬದುಕಿರಬಲ್ಲದು. ಇಂದಾಪುರ ತಾಲ್ಲೂಕಿನ ಭಿಗವಣ್ ಗ್ರಾಮದ ಬಳಿ ಉಜನಿ ಅಣೆಕಟ್ಟಿನ ಹಿನ್ನೀರಿಗೆ ಚಳಿಗಾಲದಲ್ಲಿ ರಾಜಹಂಸಗಳೂ ನಾನಾ ಬಗೆಯ ವಲಸೆ ಹಕ್ಕಿಗಳೂ ಬರುತ್ತವೆ. ನೋಡಲು ಅದು ಸೊಗಸಾದ ದೃಶ್ಯ. ಆದರೆ ಅಂತಹ ಕೆರೆ ಅಥವಾ ಹಿನ್ನೀರಿನ ದಡದಲ್ಲಿ ಮನೆಯ ಕೋಳಿಗಳನ್ನು ನೀರು ಕುಡಿಯಲು ಬಿಡುವುದು ಸರಿಯಲ್ಲ. ಅಲ್ಲಿಂದ ತಂದ ನೀರನ್ನು ಶುದ್ಧಗೊಳಿಸದೆ ಕೊಡುವುದೂ ಸರಿಯಲ್ಲ.

2025ರ ಘಟನೆ ಕಲಿಸಿದ ಪಾಠ

ಕೋಳಿಯ ನೀರು ಕೋಳಿಗೆ ಮಾತ್ರ ಸಂಬಂಧಿಸಿದ ವಿಷಯವೆಂದು ತಿಳಿಯುವುದು ತಪ್ಪು. 2025ರ ಜನವರಿಯಲ್ಲಿ ಪುಣೆಯ ಸಿಂಹಗಡ ರಸ್ತೆ, ನಾಂದೇಡ್ ಗಾಂವ್, ಕಿರ್ಕಟವಾಡಿ, ಖಡಕ್‌ವಾಸ್ಲಾ ಭಾಗಗಳಲ್ಲಿ ಗಿಲನ್-ಬಾರೆ ಸಿಂಡ್ರೋಮ್ ಎಂಬ ನರರೋಗ ಏಕಾಏಕಿ ಅನೇಕರಲ್ಲಿ ಕಾಣಿಸಿಕೊಂಡಿತು. ಬೇಧಿ ಅಥವಾ ಹೊಟ್ಟೆನೋವಿನಿಂದ ಗುಣವಾದ ಕೆಲವು ದಿನಗಳ ಅನಂತರ ಕೈಕಾಲುಗಳು ಶಕ್ತಿಗುಂದಿ, ಕೆಲವರಿಗೆ ಉಸಿರಾಟಕ್ಕೂ ಯಂತ್ರದ ನೆರವು ಬೇಕಾಯಿತು. ಸಾವುಗಳೂ ಸಂಭವಿಸಿದವು. ಕೇಂದ್ರ ಸರ್ಕಾರವು ತಜ್ಞರ ತಂಡವನ್ನು ಕಳುಹಿಸಿತು. ಪುಣೆಯಲ್ಲಿಯೇ ಇರುವ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿ ನಡೆದ ಪರೀಕ್ಷೆಗಳಲ್ಲಿ ಹಲವು ರೋಗಿಗಳ ಮಲದ ಮಾದರಿಗಳಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಜೆಜುನಿ ಎಂಬ ಬ್ಯಾಕ್ಟೀರಿಯಾ ಪತ್ತೆಯಾಯಿತು. ದೇಹದ ರೋಗನಿರೋಧಕ ಶಕ್ತಿಯು ಈ ಬ್ಯಾಕ್ಟೀರಿಯಾದೊಡನೆ ಹೋರಾಡುವಾಗ ದಾರಿತಪ್ಪಿ ತನ್ನದೇ ನರಗಳನ್ನು ಘಾಸಿಗೊಳಿಸುವುದೇ ಈ ರೋಗದ ಬಗೆ. ಕುಡಿಯುವ ನೀರಿನ ಮೇಲೆ ಮುಖ್ಯವಾಗಿ ಸಂದೇಹ ಹರಿಯಿತು. ಬಾವಿಗಳ ನೀರಿನ ಮಾದರಿಗಳನ್ನು ಸಂಗ್ರಹಿಸಲಾಯಿತು. ಸುತ್ತಲಿನ ಕೋಳಿ ಸಾಕಣಾ ಕೇಂದ್ರಗಳಿಂದಲೂ ಮಾದರಿಗಳನ್ನು ಪಡೆಯಲಾಯಿತು.

ಕ್ಯಾಂಪಿಲೋಬ್ಯಾಕ್ಟರ್ ಬ್ಯಾಕ್ಟೀರಿಯಾವು ಕೋಳಿಯ ಕರುಳಿನಲ್ಲಿ ಅದಕ್ಕೆ ಯಾವ ತೊಂದರೆಯನ್ನೂ ಮಾಡದೆ ವಾಸಿಸಬಲ್ಲದು. ಕೋಳಿ ಗೆಲುವಾಗಿಯೇ ಕಾಣುತ್ತದೆ. ಅದರ ಹಿಕ್ಕೆಯ ಮೂಲಕ ನೀರನ್ನು ಸೇರಿದ ಬ್ಯಾಕ್ಟೀರಿಯಾ ಇತರ ಕೋಳಿಗಳಿಗೂ, ಬಾವಿಯ ಕಟ್ಟೆಯ ಮೂಲಕ ಮನುಷ್ಯರಿಗೂ ತಲುಪಬಹುದು. ಇದರಿಂದ ಕೋಳಿ ಸಾಕಣೆಯೇ ಅಪಾಯಕಾರಿಯೆಂದು ಹೆದರಬೇಕಾಗಿಲ್ಲ. ಚೆನ್ನಾಗಿ ಬೇಯಿಸಿದ ಮಾಂಸ ಮತ್ತು ಮೊಟ್ಟೆಯಿಂದ ಈ ಬ್ಯಾಕ್ಟೀರಿಯಾ ಬರುವುದಿಲ್ಲ. ಕುದಿಸಿದ ಅಥವಾ ಸರಿಯಾಗಿ ಕ್ಲೋರಿನ್ ಬೆರೆಸಿದ ನೀರಿನಲ್ಲಿ ಅದು ಉಳಿಯುವುದೂ ಇಲ್ಲ. ಬಾವಿಯ ಸಮೀಪ ಕೋಳಿಗೂಡು ಕಟ್ಟಬಾರದು, ಕೋಳಿಯ ಪಾತ್ರೆಯನ್ನು ಬಾವಿಕಟ್ಟೆಯ ಮೇಲೆ ತೊಳೆಯಬಾರದು, ಪಾತ್ರೆ ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯದೆ ಅಡುಗೆಗೆ ಕೈ ಹಾಕಬಾರದು. ಈ ಮೂರು ನಿಯಮಗಳು ಮನೆಯವರ ಆರೋಗ್ಯಕ್ಕೂ ಕಾವಲಾಗಿವೆ.

ನೀರಿನ ಮೂಲದ ಆಯ್ಕೆ ಮತ್ತು ಪರೀಕ್ಷೆ

ಮನೆಯವರು ಕುಡಿಯಲು ಯೋಗ್ಯವಾದ ನೀರು ಕೋಳಿಗೂ ಯೋಗ್ಯ ಎಂಬುದು ಸುಲಭವಾದ ಸೂತ್ರ. ನಲ್ಲಿ ಅಥವಾ ಕೊಳವೆಬಾವಿಯ ನೀರು ಸಾಮಾನ್ಯವಾಗಿ ತೆರೆದ ಬಾವಿಯ ನೀರಿಗಿಂತ ಸುರಕ್ಷಿತ. ಆದರೂ ಕೊಳವೆಬಾವಿಯ ನೀರಿನಲ್ಲಿ ಲವಣಾಂಶ ಹೆಚ್ಚಿರುವ ಸಾಧ್ಯತೆಯುಂಟು. ಕಾಲುವೆಯ ನೀರಾವರಿಯಲ್ಲಿ ಕಬ್ಬು ಬೆಳೆಯುವ ಪ್ರದೇಶಗಳಲ್ಲಿ ಭೂಮಿ ಸವಳಾಗಿ, ಅಂತರ್ಜಲವೂ ಉಪ್ಪಾಗುವುದುಂಟು. ಒಂದು ಲೀಟರಿನಲ್ಲಿ ಕರಗಿದ ಲವಣಗಳು 1000 ಮಿಲಿಗ್ರಾಂ ಮೀರದಿದ್ದರೆ ಕೋಳಿಗೆ ತೊಂದರೆಯಿಲ್ಲ. ಅದಕ್ಕಿಂತ ಹೆಚ್ಚಾದಂತೆ ಹಿಕ್ಕೆ ನೀರಾಗುತ್ತದೆ. 3000 ಮಿಲಿಗ್ರಾಂ ದಾಟಿದ ನೀರು ಕೋಳಿಗೆ ಯೋಗ್ಯವಲ್ಲ. ಲವಣವನ್ನು ಕುದಿಸಿ ತೆಗೆಯಲಾಗುವುದಿಲ್ಲ. ಅಂತಹ ಕಡೆ ಮಳೆನೀರನ್ನು ಸಂಗ್ರಹಿಸಿ ಬೆರೆಸಿ ಕೊಡುವುದು ಒಂದು ಉಪಾಯ.

2019ರ ಆಗಸ್ಟ್ 15ರಂದು ಆರಂಭವಾದ ಜಲ ಜೀವನ ಮಿಷನ್ ಅಡಿಯಲ್ಲಿ ಗ್ರಾಮಗಳಲ್ಲಿಯೇ ನೀರನ್ನು ಪರೀಕ್ಷಿಸುವ ಪೆಟ್ಟಿಗೆಗಳನ್ನು ಒದಗಿಸಿ, ಅವುಗಳ ಬಳಕೆಯಲ್ಲಿ ಮಹಿಳೆಯರಿಗೆ ತರಬೇತಿ ನೀಡಲಾಗಿದೆ. ಇದರೊಂದಿಗೆ ಮಲದ ಸೋಂಕನ್ನು ಪತ್ತೆಹಚ್ಚಲು ಒಂದು ಸಣ್ಣ ಸೀಸೆಯ ಪರೀಕ್ಷೆಯೂ ಇದೆ. ಸೀಸೆಯಲ್ಲಿ ತುಂಬಿಟ್ಟ ನೀರು ಒಂದೆರಡು ದಿನಗಳಲ್ಲಿ ಕಪ್ಪಾದರೆ ಅದು ಕಲುಷಿತವೆಂದು ಅರ್ಥ. ಮಳೆಗಾಲಕ್ಕೆ ಮುನ್ನ ಒಮ್ಮೆ ಹಾಗೂ ಮಳೆಗಾಲ ಮುಗಿದ ಮೇಲೆ ಒಮ್ಮೆ ಬಾವಿಯ ನೀರನ್ನು ಪರೀಕ್ಷಿಸುವುದು ಒಳಿತು.

ಶುದ್ಧಗೊಳಿಸುವ ವಿಧಾನ

ಕೆಸರು ಬೆರೆತ ನೀರಿಗೆ ನೇರವಾಗಿ ಕ್ಲೋರಿನ್ ಹಾಕಿದರೆ ಅದರ ಶಕ್ತಿ ಕೆಸರಿನಲ್ಲಿಯೇ ವ್ಯಯವಾಗುತ್ತದೆ. ಮೊದಲು ಪಟಿಕದ ತುಂಡನ್ನು ನೀರಿನಲ್ಲಿ ಕೆಲವು ಸಲ ತಿರುಗಿಸಿ, ಕೆಸರು ತಳಕ್ಕೆ ಇಳಿದ ಮೇಲೆ ತಿಳಿನೀರನ್ನು ಬಟ್ಟೆಯಲ್ಲಿ ಸೋಸಿಕೊಳ್ಳಬೇಕು. ಬಳಿಕ ಬ್ಲೀಚಿಂಗ್ ಪುಡಿಯನ್ನು ಬಳಸಬಹುದು.

ಒಳ್ಳೆಯ ಬ್ಲೀಚಿಂಗ್ ಪುಡಿಯಲ್ಲಿ ಶೇಕಡಾ 25ರಿಂದ 30ರಷ್ಟು ಕ್ಲೋರಿನ್ ಇರುತ್ತದೆ. ಇಂತಹ 10 ಗ್ರಾಂ ಪುಡಿಯನ್ನು ತೂಗಿ, ಒಂದು ಲೀಟರ್ ನೀರಿನಲ್ಲಿ ಕದಡಿ, ಸುಣ್ಣ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿಯನ್ನು ಬಣ್ಣದ ಸೀಸೆಯಲ್ಲಿ ಬಸಿದಿಡಬೇಕು. ಕೋಳಿಗೆ ಕೊಡುವ ನೀರಿನ ಪ್ರತಿ ಲೀಟರಿಗೆ ಈ ತಿಳಿಯನ್ನು 1 ಮಿಲಿಲೀಟರಿನಂತೆ ಬೆರೆಸಬೇಕು. 5 ಲೀಟರಿನ ಬಿಂದಿಗೆಗೆ 5 ಮಿಲಿಲೀಟರ್, ಅಂದರೆ ಒಂದು ಚಹಾ ಚಮಚೆ. ಹತ್ತು ಕೋಳಿಗಳ ಬೇಸಿಗೆಯ ಒಂದು ದಿನದ ನೀರಿಗೆ ಇದು ಸರಿಹೊಂದುತ್ತದೆ. ಬೆರೆಸಿದ ಅರ್ಧ ಗಂಟೆಯ ಅನಂತರವೇ ನೀರನ್ನು ಕೊಡಬೇಕು. ಸೀಸೆಯ ತಿಳಿಯು ದಿನ ಕಳೆದಂತೆ ಸತ್ವಗುಂದುವುದರಿಂದ ಮೂರು ನಾಲ್ಕು ದಿನಗಳಿಗೊಮ್ಮೆ ಹೊಸದಾಗಿ ತಯಾರಿಸಬೇಕು. ಪುಡಿಯ ಪೊಟ್ಟಣವನ್ನು ಗಾಳಿಯಾಡದ ಡಬ್ಬಿಯಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಕ್ಲೋರಿನ್ ಬೆರೆತೇ ಬರುವ ನಲ್ಲಿಯ ನೀರಿಗೆ ಮತ್ತೆ ಬೆರೆಸುವ ಅಗತ್ಯವಿಲ್ಲ. ಈ ಪ್ರಮಾಣ ಕೋಳಿಯ ನೀರಿಗೆ ಮಾತ್ರ. ಮನೆಯವರ ಕುಡಿಯುವ ನೀರಿನ ಪ್ರಮಾಣವನ್ನು ಆರೋಗ್ಯ ಕಾರ್ಯಕರ್ತರಿಂದ ತಿಳಿಯತಕ್ಕದ್ದು.

ಬಾವಿಯನ್ನೇ ಶುದ್ಧಗೊಳಿಸುವುದಾದರೆ ಮೊದಲು ಅದರಲ್ಲಿರುವ ನೀರನ್ನು ಅಳೆಯಬೇಕು. ದುಂಡು ಬಾವಿಯ ಅಡ್ಡಳತೆಯನ್ನು ಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದಲೂ 3.14ರಿಂದಲೂ ಗುಣಿಸಿ, 4ರಿಂದ ಭಾಗಿಸಿದರೆ ಎಷ್ಟು ಸಾವಿರ ಲೀಟರ್ ನೀರಿದೆಯೆಂದು ತಿಳಿಯುತ್ತದೆ. ಉದಾಹರಣೆಗೆ, 3 ಮೀಟರ್ ಅಗಲದ ಬಾವಿಯಲ್ಲಿ 4 ಮೀಟರ್ ಆಳ ನೀರಿದ್ದರೆ ಅದು ಸುಮಾರು 28 ಸಾವಿರ ಲೀಟರ್. ಸಾವಿರ ಲೀಟರಿಗೆ 2.5 ಗ್ರಾಂ ಬ್ಲೀಚಿಂಗ್ ಪುಡಿಯಂತೆ ಸುಮಾರು 70 ಗ್ರಾಂ ಬೇಕಾಗುತ್ತದೆ. ಪುಡಿಯನ್ನು ಬಕೆಟ್ಟಿನಲ್ಲಿ ಕದಡಿ, ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್ಟಿಗೆ ಬಸಿದು, ಅದನ್ನು ಹಗ್ಗದಿಂದ ಬಾವಿಗಿಳಿಸಿ ಮೇಲೆ ಕೆಳಗೆ ಆಡಿಸಿ ಬೆರೆಸಬೇಕು. ಒಂದು ಗಂಟೆಯವರೆಗೆ ನೀರು ಸೇದಬಾರದು. ರಾತ್ರಿ ಈ ಕೆಲಸ ಮಾಡಿದರೆ ಬೆಳಗಿನ ಹೊತ್ತಿಗೆ ನೀರು ಸಿದ್ಧವಾಗಿರುತ್ತದೆ.

ಮೊದಲ ವಾರದ ಮರಿಗಳಿಗೆ ಕುದಿಸಿ ಆರಿಸಿದ ನೀರೇ ಉತ್ತಮ.

ನೀರಿನ ಪಾತ್ರೆ

ನೀರು ಎಷ್ಟೇ ಶುದ್ಧವಾಗಿದ್ದರೂ ಪಾತ್ರೆ ಕೊಳೆಯಾಗಿದ್ದರೆ ಫಲವಿಲ್ಲ. ಅಗಲ ಬಾಯಿಯ ತೆರೆದ ಪಾತ್ರೆಗಿಂತ ಬೋರಲು ಡಬ್ಬಿಯ ಪಾತ್ರೆ ಮೇಲು. ಇದನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಎರಡು ಲೀಟರ್ ಹಿಡಿಯುವ ಶುಭ್ರವಾದ ಡಬ್ಬಿಯ ಬಾಯಂಚಿನಿಂದ ಸುಮಾರು 2 ಸೆಂಟಿಮೀಟರ್ ಬಿಟ್ಟು ಒಂದು ತೂತು ಕೊರೆಯಬೇಕು. ಡಬ್ಬಿಗಿಂತ ಸ್ವಲ್ಪ ಅಗಲವಾದ, 3ರಿಂದ 4 ಸೆಂಟಿಮೀಟರ್ ಆಳದ ತಟ್ಟೆಯನ್ನು ಆರಿಸಿಕೊಳ್ಳಬೇಕು. ಡಬ್ಬಿಯಲ್ಲಿ ನೀರು ತುಂಬಿ, ತಟ್ಟೆಯಿಂದ ಮುಚ್ಚಿ, ಎರಡನ್ನೂ ಹಿಡಿದು ತಟ್ಟನೆ ಬೋರಲು ಮಾಡಬೇಕು. ತೂತಿನ ಮಟ್ಟಕ್ಕೆ ನೀರು ಏರಿದೊಡನೆ ಒಳಗಿನ ನೀರು ತಾನಾಗಿ ನಿಲ್ಲುತ್ತದೆ. ಕೋಳಿ ಕುಡಿದಂತೆ ಮತ್ತೆ ಇಳಿಯುತ್ತದೆ. ಕೀಟನಾಶಕ ತುಂಬಿದ್ದ ಡಬ್ಬಿಯನ್ನು ಎಷ್ಟು ತೊಳೆದರೂ ಇದಕ್ಕೆ ಬಳಸಬಾರದು.

ಪಾತ್ರೆಯನ್ನು ಇಟ್ಟಿಗೆಯ ಮೇಲಿಟ್ಟು, ತಟ್ಟೆಯ ಅಂಚು ಕೋಳಿಯ ಬೆನ್ನಿನ ಮಟ್ಟಕ್ಕೆ ಬರುವಂತೆ ಮಾಡಿದರೆ ಅದು ಕಾಲಿಡಲಾರದು, ಕೆದಕಿದ ಕಸವೂ ಬೀಳದು. ಸುತ್ತಲೂ ಮರಳು ಅಥವಾ ಜಲ್ಲಿ ಹರಡಿದರೆ ಚೆಲ್ಲಿದ ನೀರು ಇಂಗಿ ಹೋಗಿ ನೆಲ ಒಣಗಿರುತ್ತದೆ. ಹತ್ತು ಹನ್ನೆರಡು ಕೋಳಿಗಳಿಗೆ ಕನಿಷ್ಠ ಎರಡು ಪಾತ್ರೆಗಳಿರಬೇಕು. ಒಂದೇ ಇದ್ದಲ್ಲಿ ಬಲಿಷ್ಠ ಕೋಳಿಗಳು ದುರ್ಬಲವಾದವನ್ನು ಓಡಿಸುತ್ತವೆ. ಎಳೆಯ ಮರಿಗಳ ತಟ್ಟೆಯಲ್ಲಿ ತೊಳೆದ ಬೆಣಚುಕಲ್ಲುಗಳನ್ನು ಹಾಕಿದರೆ ಅವು ನೀರಿನಲ್ಲಿ ಮುಳುಗುವುದಿಲ್ಲ.

ಪ್ರತಿದಿನ ಬೆಳಿಗ್ಗೆ ಹಳೆಯ ನೀರನ್ನು ಗೂಡಿನಿಂದ ದೂರ ಚೆಲ್ಲಿ, ತೆಂಗಿನ ನಾರು ಮತ್ತು ಬೂದಿಯಿಂದ ಪಾತ್ರೆಯನ್ನು ಉಜ್ಜಿ ತೊಳೆಯಬೇಕು. ಬೆರಳಿಗೆ ಜಾರುವ ಲೋಳೆಯಲ್ಲಿಯೇ ಬ್ಯಾಕ್ಟೀರಿಯಾಗಳು ಮನೆಮಾಡಿಕೊಂಡಿರುತ್ತವೆ. ಬರಿಯ ನೀರು ಸುರಿದರೆ ಅದು ಹೋಗುವುದಿಲ್ಲ, ಉಜ್ಜಲೇಬೇಕು. ವಾರಕ್ಕೊಮ್ಮೆ ತೊಳೆದ ಪಾತ್ರೆಯನ್ನು ಬಿಸಿಲಿಗಿಟ್ಟು ಚೆನ್ನಾಗಿ ಒಣಗಿಸುವುದು ಅವಶ್ಯ.

ಋತುಮಾನಕ್ಕೆ ತಕ್ಕ ಎಚ್ಚರ

ಬೇಸಿಗೆಯಲ್ಲಿ ಕೋಳಿ ಬಿಸಿಯಾದ ನೀರನ್ನು ಮುಟ್ಟುವುದಿಲ್ಲ. ಬಿಸಿಲಿನಲ್ಲಿಟ್ಟ ಪ್ಲಾಸ್ಟಿಕ್ ಪಾತ್ರೆಯಲ್ಲಿ ನೀರು ತುಂಬಿದ್ದರೂ ಅದು ಬಾಯಾರಿ ನಿಲ್ಲುತ್ತದೆ. ಮಣ್ಣಿನ ಪಾತ್ರೆ ಈ ಕಾಲಕ್ಕೆ ಶ್ರೇಷ್ಠ. ಅದನ್ನು ಮರದ ನೆರಳಿನಲ್ಲಿಟ್ಟು, ಡಬ್ಬಿಯಾದರೆ ಒದ್ದೆ ಗೋಣಿಚೀಲ ಸುತ್ತಿ, ಬೆಳಿಗ್ಗೆ, ನಡುಹಗಲು ಮತ್ತು ಸಂಜೆ ಮೂರು ಹೊತ್ತು ತಣ್ಣೀರು ತುಂಬಬೇಕು. ಮನೆಯವರು ಕೂಲಿಗೆ ಹೋಗುವ ದಿನ ನೆರೆಮನೆಯವರಿಗೆ ಹೇಳಿಹೋಗುವುದು ಒಳ್ಳೆಯ ರೂಢಿ. ಟ್ಯಾಂಕರಿನ ನೀರನ್ನು ಸಂಗ್ರಹಿಸುವ ಪೀಪಾಯಿಗೆ ಮುಚ್ಚಳವಿರಬೇಕು.

ಮಳೆಗಾಲದಲ್ಲಿ ಅಂಗಳದ ಗುಂಡಿಗಳನ್ನು ಮುಚ್ಚಿ, ನೀರು ಹರಿದುಹೋಗಲು ಸಣ್ಣ ಕಾಲುವೆ ತೋಡಬೇಕು. ಎಷ್ಟೇ ಒಳ್ಳೆಯ ನೀರಿಟ್ಟರೂ ಪಕ್ಕದಲ್ಲಿ ಹೊಂಡವಿದ್ದರೆ ಕೋಳಿ ಅಲ್ಲಿಗೂ ಹೋಗುತ್ತದೆ. ಬಾವಿಗೆ ಎತ್ತರದ ಕಟ್ಟೆ ಇಲ್ಲದಲ್ಲಿ ಈ ಕಾಲದಲ್ಲಿ ಬ್ಲೀಚಿಂಗ್ ಪುಡಿಯ ಬಳಕೆಯನ್ನು ತಪ್ಪಿಸಬಾರದು. ಚಳಿಗಾಲದ ಮುಂಜಾನೆ ಮರಿಗಳಿಗೆ ಉಗುರುಬೆಚ್ಚಗಿನ ನೀರು ಹಿತಕರ.

ಲಸಿಕೆಯ ದಿನ

ಕೊಕ್ಕರೆ ರೋಗದ ಮೊದಲ ಲಸಿಕೆಯನ್ನು ಮರಿಗೆ ಐದರಿಂದ ಏಳು ದಿನಗಳಾದಾಗ ಕಣ್ಣು ಅಥವಾ ಮೂಗಿಗೆ ಹನಿಯಾಗಿ ಹಾಕುತ್ತಾರೆ. ಸುಮಾರು ಎಂಟು ವಾರಗಳಿಗೆ ಚುಚ್ಚುಮದ್ದು ಕೊಡಲಾಗುತ್ತದೆ. ಕೆಲವೊಮ್ಮೆ ನಡುವಿನ ಲಸಿಕೆಯನ್ನು ಕುಡಿಯುವ ನೀರಿನಲ್ಲಿ ಬೆರೆಸಿ ಕೊಡಲು ಪಶುವೈದ್ಯರು ಸೂಚಿಸುವುದುಂಟು. ಆ ಲಸಿಕೆಯಲ್ಲಿ ಜೀವಂತ ವೈರಸ್ ಇರುವುದರಿಂದ ಕ್ಲೋರಿನ್ ಅದನ್ನು ಕೊಂದುಬಿಡುತ್ತದೆ. ಆದುದರಿಂದ ಹಿಂದಿನ ದಿನದಿಂದಲೇ ಕ್ಲೋರಿನ್ ಬಳಕೆಯನ್ನು ನಿಲ್ಲಿಸಿ, ಪಾತ್ರೆಯನ್ನು ಸಾಬೂನು ಸೋಂಕದಂತೆ ಬರಿಯ ನೀರಿನಿಂದ ತೊಳೆದು, ಕುದಿಸಿ ಆರಿಸಿದ ನೀರನ್ನು ಬಳಸಬೇಕು. ಆ ನೀರಿಗೆ ಲೀಟರಿಗೆ 5 ಗ್ರಾಂನಂತೆ ಕೆನೆ ತೆಗೆದ ಹಾಲಿನ ಪುಡಿ ಬೆರೆಸಿದರೆ ಲಸಿಕೆಯ ಸತ್ವ ಉಳಿಯುತ್ತದೆ. ಕೋಳಿಗಳು ಎರಡು ಗಂಟೆಯೊಳಗೆ ಅದನ್ನು ಕುಡಿದು ಮುಗಿಸುವಂತೆ ನೋಡಿಕೊಳ್ಳಬೇಕು.

ನೆನಪಿನಲ್ಲಿಡಬೇಕಾದ ಅಂಶಗಳು

1. ಹತ್ತು ಕೋಳಿಗಳಿಗೆ ಬೇಸಿಗೆಯಲ್ಲಿ ದಿನಕ್ಕೆ 5 ಲೀಟರ್ ನೀರು ಅಗತ್ಯ.

2. ಬಚ್ಚಲು, ತಿಪ್ಪೆ ಮತ್ತು ಕೆರೆಯ ದಡದ ನೀರಿನಿಂದ ಕೋಳಿಗಳನ್ನು ದೂರವಿಡಬೇಕು.

3. 5 ಲೀಟರ್ ತಿಳಿನೀರಿಗೆ ಬ್ಲೀಚಿಂಗ್ ತಿಳಿ ಒಂದು ಚಹಾ ಚಮಚೆ. ಅರ್ಧ ಗಂಟೆ ಕಾಯಬೇಕು.

4. ಪಾತ್ರೆಯನ್ನು ದಿನವೂ ಉಜ್ಜಿ ತೊಳೆಯಬೇಕು. ಸುತ್ತಲಿನ ನೆಲ ಒಣಗಿರಬೇಕು.

5. ಲಸಿಕೆಯ ನೀರಿಗೆ ಕ್ಲೋರಿನ್ ಸೋಂಕಬಾರದು.

6. ಕೋಳಿ ಅಥವಾ ಅದರ ಪಾತ್ರೆ ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು.

7. ಹಲವು ಕೋಳಿಗಳು ಒಮ್ಮೆಲೇ ಸತ್ತರೆ ಅವನ್ನು ಬಾವಿ, ಹಳ್ಳ, ಕಾಲುವೆಗಳಿಗೆ ಎಸೆಯಬಾರದು. ಬರಿಗೈಯಿಂದ ಮುಟ್ಟದೆ ಹತ್ತಿರದ ಪಶುವೈದ್ಯರಿಗೆ ಕೂಡಲೇ ತಿಳಿಸಬೇಕು.

ಮೇಲೆ ವಿವರಿಸಿದ ಕ್ರಮಗಳಲ್ಲಿ ಯಾವುದಕ್ಕೂ ದೊಡ್ಡ ಬಂಡವಾಳ ಬೇಕಿಲ್ಲ. ಒಂದು ಹಳೆಯ ಡಬ್ಬಿ, ಒಂದು ತಟ್ಟೆ, ನಾಲ್ಕು ಇಟ್ಟಿಗೆ, ಸ್ವಲ್ಪ ಬ್ಲೀಚಿಂಗ್ ಪುಡಿ ಮತ್ತು ದಿನಕ್ಕೆ ಕಾಲು ಗಂಟೆಯ ಶ್ರಮ ಸಾಕು. ಲೋಣಾವಳದ ಮಳೆಯಲ್ಲಾಗಲಿ ಇಂದಾಪುರದ ಬಿಸಿಲಲ್ಲಾಗಲಿ, ಬೆಳಗಾವಿಯಲ್ಲಾಗಲಿ ವಿಜಯಪುರದಲ್ಲಾಗಲಿ, ಹಿತ್ತಲ ಕೋಳಿಗೆ ನಿತ್ಯ ಒಂದು ಪಾತ್ರೆ ತಿಳಿನೀರು ಸಿಕ್ಕರೆ ಮನೆಗೆ ಮೊಟ್ಟೆ ಉಳಿಯುತ್ತದೆ, ಗೃಹಿಣಿಯ ಕೈಯ ಕಾಸು ಉಳಿಯುತ್ತದೆ, ಮನೆಮಂದಿಯ ಆರೋಗ್ಯವೂ ಉಳಿಯುತ್ತದೆ.